ಹಳದಿ ಬಟನ್ ಒತ್ತುವ ಮುನ್ನ

ಗಣಿಯ ಆರನೇ ಸುರಂಗದಲ್ಲಿ ಆ ಪೆಟ್ಟಿಗೆ ಕೂರಿಸಿದ ಮೇಲೆ ಒಂದು ಪಾಳಿಯೂ ನೆಮ್ಮದಿಯಾಗಿ ಮುಗಿಯಲಿಲ್ಲ. ಕೊರೆಯಲು ನಿಂತರೆ ಕೂಗುತ್ತಿತ್ತು. ಅದಿರು ತುಂಬಲು ಹೋದರೆ ಕೂಗುತ್ತಿತ್ತು. ಊಟದ ಡಬ್ಬಿಯ ಮುಚ್ಚಳ ತೆಗೆದರೂ ಕೂಗುತ್ತದೆ ಎಂದು ಕೆಲಸಗಾರರು ಹೇಳಿಕೊಂಡು ನಗುತ್ತಿದ್ದರು. ಸದಾ ಗೊಣಗುತ್ತದೆ ಎಂದು ಅದಕ್ಕೆ ‘ಅತ್ತೆ’ ಎಂದು ಹೆಸರಿಟ್ಟಿದ್ದರು.

ಪೆಟ್ಟಿಗೆಯ ಕೆಲಸ ಇಷ್ಟೇ. ಸುರಂಗದ ಚಾವಣಿಗೆ ಉದ್ದನೆಯ ತೂತುಗಳನ್ನು ಕೊರೆದು, ಬಂಡೆಯ ಆಳದಲ್ಲಿ ಬೆರಳುಗಾತ್ರದ ಸೆನ್ಸರ್‌ಗಳನ್ನು ಇಟ್ಟಿದ್ದರು. ಬಂಡೆ ಒಳಗೊಳಗೇ ಬಿರಿಯುವಾಗ ಸಣ್ಣ ಸದ್ದು ಹೊರಡುತ್ತದೆ. ಕೆಳಗೆ ನಿಂತವರಿಗೆ ಅದು ಕೇಳಿಸುವುದಿಲ್ಲ, ಸೆನ್ಸರ್‌ಗೆ ಕೇಳಿಸುತ್ತದೆ. ಆ ಸದ್ದು ಗಣಿಯೊಳಗಿನ ನೆಟ್‌ವರ್ಕ್ ಹಿಡಿದು ಮೇಲಿರುವ ಕಂಟ್ರೋಲ್ ರೂಮಿಗೆ ಹೋಗುತ್ತದೆ. ಅಲ್ಲಿ ಎಐ, ಅಂದರೆ ಕೃತಕ ಬುದ್ಧಿಮತ್ತೆಯ ಕಂಪ್ಯೂಟರು, ಯಾವುದು ಯಂತ್ರದ ಸದ್ದು, ಯಾವುದು ಬಂಡೆಯ ಸದ್ದು ಎಂದು ಬೇರೆ ಮಾಡುತ್ತದೆ. ಅನುಮಾನ ಬಂದರೆ ಸುರಂಗದ ಪೆಟ್ಟಿಗೆ ಕೂಗುತ್ತದೆ.

ಪೆಟ್ಟಿಗೆಯ ಮೇಲೆ ಎರಡು ಬಟನ್. ಕೆಂಪು ಒತ್ತಿದರೆ, ‘ನಿಜ, ಎಲ್ಲರೂ ಹೊರಗೆ’ ಎಂದರ್ಥ. ಹಳದಿ ಒತ್ತಿದರೆ, ‘ಸುಳ್ಳು, ಏನೂ ಆಗಿಲ್ಲ’ ಎಂದರ್ಥ. ಕೆಂಪು ಒತ್ತಿದರೆ ಕೆಲಸ ನಿಲ್ಲುತ್ತದೆ, ಮೇಸ್ತ್ರಿಯ ಮುಖ ಗಂಟಾಗುತ್ತದೆ. ಹಳದಿ ಒತ್ತಿದರೆ ಯಾರಿಗೂ ತಲೆನೋವಿಲ್ಲ. ಹೀಗಾಗಿ ಕೆಲವೇ ದಿನಗಳಲ್ಲಿ ಹಳದಿ ಬಟನ್ನಿನ ಬಣ್ಣ ಸವೆದು ಹೋಯಿತು. ಕೆಂಪು ಬಟನ್ ಮಾತ್ರ ಅಂಗಡಿಯಿಂದ ಈಗಷ್ಟೇ ತಂದ ಹಾಗೆ ಹೊಳೆಯುತ್ತಿತ್ತು.

ಆ ಸುರಂಗದ ಚಾವಣಿ ನೋಡುವ ಹೊಣೆ ಒಬ್ಬ ಹಿರಿಯ ಕೆಲಸಗಾರರದು. ಅವರನ್ನು ಎಲ್ಲರೂ ಕರೆಯುವುದು ‘ಸಲಾಕೆ’ ಎಂದು. ಆಳುದ್ದದ ಕಬ್ಬಿಣದ ಸಲಾಕೆಯಿಂದ ಚಾವಣಿಯನ್ನು ಅಡಿಯಡಿಗೂ ಬಡಿದು ನೋಡುವುದು ಅವರ ಕೆಲಸ. ಗಟ್ಟಿ ಬಂಡೆ ಟಣ್ ಎನ್ನುತ್ತದೆ. ಸಡಿಲಾದದ್ದು ಖಾಲಿ ಡಬ್ಬದ ಹಾಗೆ ಡಬ್ ಎನ್ನುತ್ತದೆ. ಡಬ್ ಎಂದದ್ದನ್ನು ಮೀಟಿ ಕೆಡವುತ್ತಾರೆ. ಸಲಾಕೆಯ ಮಗ ಅದೇ ಸುರಂಗದಲ್ಲಿ ಅದಿರು ತುಂಬುವ ಲೋಡರ್ ಓಡಿಸುತ್ತಾನೆ. ಸೊಸೆ ಮೇಲಿನ ಕಂಟ್ರೋಲ್ ರೂಮಿನಲ್ಲಿ ಪರದೆಗಳ ಮುಂದೆ ಕೂರುತ್ತಾಳೆ. ಒಂದೇ ಮನೆಯವರು, ಒಂದೇ ಗಣಿ. ಮನೆಯಲ್ಲಿ ಊಟಕ್ಕೆ ಕೂತರೂ ಗಣಿಯ ಮಾತೇ.

ಅವತ್ತು ಸಂಜೆಯೂ ಹಾಗೆಯೇ ಆಯಿತು. ಹಿತ್ತಲಿನ ಬಕೆಟ್ಟಿನಲ್ಲಿ ಗಣಿಯ ಬಟ್ಟೆ ನೆನೆಯುತ್ತಿತ್ತು. ಬೂಟುಗಳು ಬಾಗಿಲ ಹೊರಗೆ ಮಣ್ಣು ಉದುರಿಸುತ್ತ ನಿಂತಿದ್ದವು. ಸಲಾಕೆ ಕೈ ತೊಳೆದುಕೊಂಡು ಬಂದು ಕೂತರು.

“ಅಂತೂ ನಿಮ್ಮ ಅತ್ತೆ ಬಾಯಿ ಮುಚ್ಚಿದಳು ಕಣಮ್ಮ,” ಎಂದರು ಸೊಸೆಗೆ.

ಒಲೆಯ ಮುಂದಿದ್ದ ನಿಜವಾದ ಅತ್ತೆ ಸೌಟು ಹಿಡಿದೇ ತಿರುಗಿದರು. “ಯಾರು ಬಾಯಿ ಮುಚ್ಚಿದ್ದು?”

“ನೀನಲ್ಲ ಕಣೆ. ಅಷ್ಟು ಪುಣ್ಯ ನನಗೆಲ್ಲಿ? ಸುರಂಗದಲ್ಲಿರೋಳು.”

“ನಾನು ಗೊಣಗ್ತೀನಿ ಅಂತಲೇ ಈ ಮನೇಲಿ ಎಲ್ಲರೂ ಹೊತ್ತಿಗೆ ಸರಿಯಾಗಿ ಉಣ್ತಿರೋದು. ಯಂತ್ರಕ್ಕೆ ನನ್ನ ಹೆಸರಿಡೋರನ್ನ ಒಂದು ದಿನ ಉಪವಾಸ ಕೆಡವಬೇಕು.”

ಮಗ ನಕ್ಕ. ಸೊಸೆ ನಗಲಿಲ್ಲ. “ಬಾಯಿ ಮುಚ್ಚಿತು ಅಂದ್ರೆ ಏನು ಮಾವ?”

“ಈ ವಾರವೆಲ್ಲ ಒಂದು ಸದ್ದಿಲ್ಲ. ನಾನು ಬಡಿತೀನಿ, ಅದು ಸುಮ್ಮನಿರುತ್ತೆ. ಬುದ್ಧಿ ಬಂತು ನೋಡು. ಸುರಂಗ ಗಟ್ಟಿಯಾಗಿದೆ ಅಂತ ನಾನು ಬಾಯಿ ಬಡ್ಕೊಂಡೆ, ಈಗ ಅದಕ್ಕೂ ಅರ್ಥ ಆಗಿದೆ.”

ಸೊಸೆ ತಟ್ಟೆ ಪಕ್ಕಕ್ಕೆ ಸರಿಸಿದಳು. ಐದನೇ ಸುರಂಗ ಆರನೆಯದರ ಮೇಲೆ ಇದೆ, ಏಳನೆಯದು ಕೆಳಗೆ. ಮೂರಕ್ಕೂ ಒಂದೇ ಬಂಡೆ. ಐದರಲ್ಲೂ ಏಳರಲ್ಲೂ ಪೆಟ್ಟಿಗೆಗಳು ಈ ವಾರ ಹೆಚ್ಚೇ ಕೂಗಿವೆ. ನಡುವಿನ ಆರನೆಯದು ಮಾತ್ರ ಮೌನ. ಅವಳು ಎರಡು ದಿನದಿಂದ ಇದನ್ನೇ ಯೋಚಿಸುತ್ತಿದ್ದಳು. ತಂತಿ ಕಡಿದಿರಬಹುದು ಎಂದು ಪರೀಕ್ಷೆ ಮಾಡಿಸಿದ್ದಳು. ತಂತಿ ಚೆನ್ನಾಗಿಯೇ ಇತ್ತು.

“ಮೊದಲು ಅದು ಕೂಗ್ತಿದ್ದದ್ದು ಯಾವಾಗ?” ಎಂದು ಗಂಡನನ್ನು ಕೇಳಿದಳು.

“ಅಪ್ಪ ಸಲಾಕೆ ಎತ್ತಿದ್ರೆ ಸಾಕು. ಅಪ್ಪ ಇಲ್ಲಿ ಟಣ್ ಅಂದ್ರೆ ಅದು ಅಲ್ಲಿ ಕುಂಯ್ ಅಂತಿತ್ತು. ಜುಗಲ್‌ಬಂದಿ!”

“ಆಗ ಏನು ಮಾಡ್ತಿದ್ರಿ?”

“ಇನ್ನೇನು ಮಾಡ್ತಾರೆ? ಹತ್ತಿರ ಇದ್ದವರು ಹಳದಿ ಒತ್ತೋರು. ಆಮೇಲೆ ಆಮೇಲೆ ಒಬ್ಬನನ್ನ ಪೆಟ್ಟಿಗೆ ಪಕ್ಕವೇ ನಿಲ್ಲಿಸ್ತಿದ್ವಿ. ಅಪ್ಪ ಬಡಿಯೋದು, ಅವನು ಒತ್ತೋದು.”

“ಬೇರೆ ಹೊತ್ತಲ್ಲಿ ಕೂಗಿದ್ರೆ?”

“ಆಗಲೂ ಹಳದಿಯೇ. ನೀನೊಬ್ಬಳು, ಕೆಂಪು ಒತ್ತಿ ಮೇಸ್ತ್ರಿ ಹತ್ರ ಬೈಸ್ಕೊಳ್ಳೋರು ಯಾರು?”

ಸೊಸೆ ಬೆರಳು ಮಡಿಸಿ ದಿನಗಳನ್ನು ಎಣಿಸಿದಳು. ಆಮೇಲೆ ಹೇಳಿದಳು: “ಅದು ತಾನಾಗಿ ಸುಮ್ಮನಾಗಿದ್ದಲ್ಲ. ನೀವು ಸುಮ್ಮನಾಗಿಸಿದ್ದು.”

“ಅಂದ್ರೆ?” ಎಂದರು ಸಲಾಕೆ.

“ಅದು ಕಲಿಯೋ ಯಂತ್ರ ಮಾವ. ನಮ್ಮಿಂದಲೇ ಕಲಿಯುತ್ತೆ. ನೀವು ಒಂದೊಂದು ಸಲ ಹಳದಿ ಒತ್ತಿದಾಗಲೂ, ‘ಇಂಥಾ ಸದ್ದು ಬಂದ್ರೆ ಹೆದರಬೇಡ’ ಅಂತ ಅದಕ್ಕೆ ಪಾಠ ಹೇಳ್ದಂಗೆ. ದಿನಾ ಹೇಳಿದ್ದೀರಿ. ಅದು ಕಲಿತಿದೆ.”

“ಒಳ್ಳೇದೇ ಆಯ್ತಲ್ಲ. ನನ್ನ ಸಲಾಕೆಗೆ ಹೆದರಬಾರದು ಅಂತ ಕಲಿತಿದೆ.”

“ಬಂಡೆ ಬಿರಿಯೋ ಸದ್ದೂ ನಿಮ್ಮ ಸಲಾಕೆ ಸದ್ದಿನ ಹಾಗೇ ಇದ್ರೆ?”

ಸಲಾಕೆಗೆ ಸಿಟ್ಟು ಬಂತು. “ನನ್ನ ಏಟೇ ಬೇರೆ, ಬಂಡೆಯ ಸದ್ದೇ ಬೇರೆ. ಕಿವುಡನೂ ಹೇಳ್ತಾನೆ. ಇಷ್ಟು ವರ್ಷ ಯಾವ ಯಂತ್ರ ನಮ್ಮನ್ನ ಕಾಯ್ತು? ಈ ಕೈ, ಈ ಕಿವಿ ಕಾದಿದ್ದು. ಈಗ ಟೋಪಿಗೆ ಟ್ಯಾಗ್ ಕಟ್ಟಿದ್ರು, ಗೋಡೆಗೆಲ್ಲ ಕಿವಿ ಇಟ್ರು. ಇವತ್ತು ಬಂಡೆ ಕೇಳ್ತಾರೆ, ನಾಳೆ ನಾವು ಆಡೋ ಮಾತು ಕೇಳ್ತಾರೆ. ನಾಳಿದ್ದು ಯಾರು ಎಷ್ಟು ಹೊತ್ತು ಚಹಾ ಕುಡಿದ ಅಂತ ಸಂಬಳ ಮುರೀತಾರೆ.”

“ಆ ಅನುಮಾನ ಸುಳ್ಳಲ್ಲ,” ಎಂದಳು ಸೊಸೆ. “ಬಂಡೆಯೊಳಗಿನ ಸೆನ್ಸರ್‌ಗೆ ಮಾತು ಕೇಳ್ಸಲ್ಲ. ಆದ್ರೆ ಟ್ಯಾಗ್ ನೀವೆಲ್ಲಿದ್ದೀರಿ ಅಂತ ತೋರಿಸುತ್ತೆ, ಅದು ನಿಜ. ಅದಕ್ಕೇ ಕೆಲಸಗಾರರ ಸಮಿತಿಯವರು ಜಗಳ ಆಡಿ, ಅಪಾಯದ ಹೊತ್ತಲ್ಲಿ ಹುಡುಕೋಕೆ ಬಿಟ್ಟು ಬೇರೆ ಯಾವುದಕ್ಕೂ ಬಳಸಬಾರದು ಅಂತ ಬರೆಸ್ಕೊಂಡಿದ್ದಾರೆ. ಜಗಳ ಆಡಬೇಕಾದ ಜಾಗದಲ್ಲಿ ಆಡೋಣ. ಯಂತ್ರಕ್ಕೆ ಸುಳ್ಳು ಹೇಳಿ ಯಾರ ಮೇಲೆ ಸೇಡು ತೀರಿಸ್ಕೊಂಡ ಹಾಗಾಯ್ತು? ನಾಳೆ ಆ ಬಂಡೆ ಕೆಳಗೆ ಇರೋದು ನಿಮ್ಮ ಮಗ.”

“ನನ್ನ ಮಗ ನಾನು ಬಡಿದು ನೋಡಿದ ಬಂಡೆ ಕೆಳಗೆ ಇರ್ತಾನೆ.”

“ನಿಮ್ಮ ಸಲಾಕೆಗೆ ಎಷ್ಟು ಆಳದ ಬಂಡೆ ಕೇಳುತ್ತೆ?”

ಸಲಾಕೆ ಎರಡೂ ಅಂಗೈಗಳನ್ನು ಎದುರುಬದುರು ಹಿಡಿದು ಗೇಣಿನಷ್ಟು ಅಗಲಿಸಿ, ಆಮೇಲೆ ಇನ್ನಷ್ಟು ಅಗಲಿಸಿ ತೋರಿಸಿದರು. ಅದರಾಚೆಗೆ ಏನಿದೆ ಎಂದು ಅವರಿಗೂ ಗೊತ್ತಿರಲಿಲ್ಲ. ಆದರೆ ಹಾಗೆಂದು ಒಪ್ಪಿಕೊಳ್ಳುವ ಆಸಾಮಿ ಅವರಲ್ಲ.

ಮಗ ನಡುವೆ ಬಾಯಿ ಹಾಕಿದ. “ನಾಳೆ ನಾನೇನು ರಜೆ ಹಾಕಲಾ? ಮೇಸ್ತ್ರಿಗೆ ಏನಂತ ಹೇಳ್ಲಿ? ಪೆಟ್ಟಿಗೆ ಕೂಗ್ತಿಲ್ಲ, ಅದಕ್ಕೆ ಕೆಲಸಕ್ಕೆ ಬರಲ್ಲ ಅಂತಲಾ? ನಗ್ತಾರೆ.”

ಅವನು ಹೇಳಿದ್ದೂ ಸರಿಯೇ. ಕೂಗಿದರೆ ಹೊರಗೆ ಬನ್ನಿ ಎಂಬ ನಿಯಮವಿತ್ತು. ಕೂಗದಿದ್ದರೆ ಏನು ಮಾಡಬೇಕು ಎಂದು ಯಾವ ನಿಯಮವೂ ಹೇಳಿರಲಿಲ್ಲ.

“ಮಾವ, ನಾಳೆ ನಿಮಗೆ ವಾರದ ರಜೆ ಅಲ್ವಾ? ನನ್ನ ಜೊತೆ ಕಂಟ್ರೋಲ್ ರೂಮಿಗೆ ಬನ್ನಿ,” ಎಂದಳು. “ಸೆನ್ಸರ್ ಹಿಡಿದ ಸದ್ದುಗಳೆಲ್ಲ ಅಲ್ಲಿವೆ. ಕೇಳ್ಸ್ತೀನಿ. ಯಾವುದು ನಿಮ್ಮ ಏಟು, ಯಾವುದು ಅಲ್ಲ ಅಂತ ನೀವೇ ಹೇಳಿ. ಕಿವುಡನೂ ಹೇಳ್ತಾನೆ ಅಂದ್ರಲ್ಲ.”

“ರಜಾ ದಿನ ನಾನ್ಯಾಕೆ ಬರ್ಲಿ?”

“ಹೋಗಿ ಬನ್ನಿ,” ಎಂದರು ಅತ್ತೆ ಒಲೆಯ ಕಡೆಯಿಂದ. “ಮನೇಲಿದ್ದು ಏನು ಕಡಿದು ಕಟ್ಟೆ ಹಾಕ್ತೀರಿ? ಸೋಲ್ತೀನಿ ಅಂತ ಭಯ ಇದ್ರೆ ಬೇರೆ ಮಾತು.”

ಸಲಾಕೆ ಎದ್ದು ಹೋಗಿ ಕೈ ತೊಳೆದರು. ಬರುತ್ತೇನೆ ಎಂದು ಹೇಳಲಿಲ್ಲ. ಬೆಳಿಗ್ಗೆ ಸೊಸೆ ಚಪ್ಪಲಿ ಮೆಟ್ಟುವ ಹೊತ್ತಿಗೆ, ಒಗೆದ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

ಕಂಟ್ರೋಲ್ ರೂಮ್ ಸಣ್ಣದು. ಗೋಡೆ ತುಂಬ ಪರದೆಗಳು, ತಣ್ಣನೆಯ ಗಾಳಿ, ಕಪ್ಪುಗಟ್ಟಿದ ಒಂದು ಚಹಾ ಕೆಟಲ್. ಒಂದು ಪರದೆಯ ಮೇಲೆ ಸುರಂಗಗಳ ನಕ್ಷೆ. ನಕ್ಷೆಯಲ್ಲಿ ಹಸಿರು ಚುಕ್ಕೆಗಳು ಮೆಲ್ಲಗೆ ಹರಿದಾಡುತ್ತಿದ್ದವು. ಒಂದೊಂದು ಚುಕ್ಕೆಯೂ ಒಬ್ಬೊಬ್ಬರ ಟೋಪಿಯ ಟ್ಯಾಗ್.

“ಇದು ನಿಮ್ಮ ಮಗ,” ಎಂದಳು ಸೊಸೆ. ಆರನೇ ಸುರಂಗದ ತುದಿಯಲ್ಲಿ ಒಂದು ಚುಕ್ಕೆ ಹಿಂದೆ ಮುಂದೆ ಹೋಗುತ್ತಿತ್ತು. ಪಾಳಿ ಆಗಲೇ ಶುರುವಾಗಿತ್ತು.

ಪಾಳಿಯ ಇಂಜಿನಿಯರ್ ಇನ್ನೂ ಹುಡುಗ. ಸೊಸೆ ವಿಷಯ ಹೇಳಿದಾಗ ಹಣೆ ಉಜ್ಜಿಕೊಂಡ. “ಅನುಮಾನದ ಮೇಲೆ ಸುರಂಗ ನಿಲ್ಸಿದ್ರೆ ಮೇಲಿನವರು ನನ್ನನ್ನ ಹುರಿದು ಮುಕ್ತಾರೆ. ಮೊದಲು ಕೇಳೋಣ,” ಎಂದು ತಾನೇ ಹೆಡ್‌ಫೋನ್ ತಂದುಕೊಟ್ಟ. ಸಲಾಕೆ ಅದನ್ನು ತಲೆಗೆ ಹಾಕಿಕೊಂಡು ನೆಟ್ಟಗೆ ಕೂತರು.

ಸೊಸೆ ಮೊದಲ ಸದ್ದು ಹಾಕಿದಳು.

“ನಂದು,” ಎಂದರು ಸಲಾಕೆ ತಕ್ಷಣ. “ಬಲಗಡೆ ಮೂಲೆ. ಅಲ್ಲಿ ಕಲ್ಲು ಗಟ್ಟಿ.”

“ಹೌದು. ಅವತ್ತು ನೀವು ಅಲ್ಲೇ ಇದ್ರಿ.”

ಇನ್ನೊಂದು. “ಇದು ಡ್ರಿಲ್ಲು. ಇದೇನು ಕೇಳೋದು? ಮಕ್ಕಳಿಗೂ ಗೊತ್ತು.” ಮತ್ತೊಂದು. “ನಂದು. ಪಾಳಿ ಮುಗಿಯೋ ಹೊತ್ತು, ಕೈ ಸೋತಿದೆ.” ಅವರಿಗೆ ಖುಷಿಯಾಗತೊಡಗಿತ್ತು. ಇಷ್ಟು ವರ್ಷ ಚಾವಣಿಯನ್ನು ಬಡಿದಿದ್ದರು. ಬಂಡೆಯ ಒಳಗಿನಿಂದ ತಮ್ಮ ಏಟು ಹೇಗೆ ಕೇಳುತ್ತದೆ ಎಂದು ಯಾವತ್ತೂ ಕೇಳಿರಲಿಲ್ಲ. ಇಂಜಿನಿಯರನ ಕಡೆ ತಿರುಗಿ, “ನೋಡಪ್ಪ, ಒಂದಾದರೂ ತಪ್ಪಿತಾ?” ಎಂದರು.

ಸೊಸೆ ಇನ್ನೊಂದು ಹಾಕಿದಳು. ಸಲಾಕೆ ಕಣ್ಣು ಮುಚ್ಚಿ ಕೇಳಿದರು. ಎರಡನೇ ಸಲ ಹಾಕಲು ಹೇಳಿದರು.

“ನಂದೇ. ಸ್ವಲ್ಪ ಮೆತ್ತಗೆ ಹೊಡೆದಿದ್ದೀನಿ. ಒಂದರ ಹಿಂದೆ ಒಂದು, ನನ್ನದೇ ಲೆಕ್ಕ.”

“ಖಂಡಿತವಾ ಮಾವ?”

“ನನ್ನ ಕೈ ನನಗೆ ಗೊತ್ತಿಲ್ವೇನಮ್ಮ? ಎಷ್ಟು ಸಲ ಕೇಳ್ತೀಯ?”

ಸೊಸೆ ಮುಂದಿನ ಸದ್ದು ಹಾಕಲಿಲ್ಲ. “ಇದು ಫ್ಯಾನ್ ರಿಪೇರಿ ಅಂತ ಆರನೇ ಸುರಂಗ ಮುಚ್ಚಿದ್ರಲ್ಲ, ಆ ದಿನದ್ದು. ಅವತ್ತು ನೀವು ಮನೇಲಿ ಅತ್ತೆ ಕೈಲಿ ಬೈಸ್ಕೊಂಡು ಅಡುಗೆಮನೆ ಹಲಗೆ ಸರಿಮಾಡ್ತಿದ್ರಿ.”

“ಬೇರೆ ಯಾರಾದ್ರೂ ಬಡಿದಿರಬೇಕು.”

“ಯಾರೂ ಒಳಗೆ ಹೋಗಿಲ್ಲ. ನೋಡಿ, ಅವತ್ತಿನ ನಕ್ಷೆ. ಒಂದು ಚುಕ್ಕೆಯೂ ಇಲ್ಲ. ಹಳದಿ ಒತ್ತೋಕೂ ಯಾರೂ ಇರಲಿಲ್ಲ. ಯಂತ್ರವೇ ತನಗೆ ತಾನೇ ‘ಇದು ಸಲಾಕೆ, ಬಿಡು’ ಅಂದ್ಕೊಂಡಿದೆ.”

ಸಲಾಕೆ ಹೆಡ್‌ಫೋನ್ ಕೈಯಿಂದ ಒತ್ತಿ ಹಿಡಿದುಕೊಂಡರು. “ಇನ್ನೊಂದ್ಸಲ ಹಾಕು.”

ಹಾಕಿದಳು. ಅದೇ ಸದ್ದು. ಖಾಲಿ ಸುರಂಗದಲ್ಲಿ, ಯಾವ ಮನುಷ್ಯನೂ ಇಲ್ಲದ ಕಡೆ, ಅವರ ಕೈಯ ಹಾಗೆಯೇ ಒಂದರ ಹಿಂದೆ ಒಂದು.

“ಬಂಡೆ,” ಎಂದರು. ದನಿ ಕೆಳಗಿಳಿದಿತ್ತು. “ನನಗೇ ಗೊತ್ತಾಗ್ಲಿಲ್ಲ. ಅದಕ್ಕೆ ಹೇಗೆ ಗೊತ್ತಾಗಬೇಕು?”

“ಇವತ್ತು ಬೆಳಿಗ್ಗೆಯಿಂದ ಇಂಥವೇ ತುಂಬಾ ಬಂದಿವೆ,” ಎಂದ ಇಂಜಿನಿಯರ್, ತನ್ನ ಪರದೆ ನೋಡುತ್ತ. “ಎಲ್ಲವನ್ನೂ ಅದು ಸಲಾಕೆ ಅಂತಲೇ ಬಿಟ್ಟಿದೆ. ಇವತ್ತು ಯಾರು ಬಡೀತಿರೋದು?”

“ನನಗೆ ರಜೆ. ನನ್ನ ಬದಲು ಬಂದವನು ಬಡಿಯೋದು ಪಾಳಿ ಶುರುವಲ್ಲಿ ಒಂದ್ಸಲ, ಅಷ್ಟೇ.” ಸಲಾಕೆ ಹೆಡ್‌ಫೋನ್ ಕಿತ್ತಿಟ್ಟು ಎದ್ದರು. “ನನ್ನ ಮಗನ್ನ ಹೊರಗೆ ಕರಿ. ಎಲ್ಲರನ್ನೂ ಕರಿ.”

ಸೊಸೆ ಇಂಜಿನಿಯರನನ್ನು ನೋಡಿದಳು. ಇಂಜಿನಿಯರ್ ತಲೆಯಾಡಿಸಿದ. ಅವಳು ತನ್ನ ಮೇಜಿನ ಮೇಲೂ ಇದ್ದ ಕೆಂಪು ಬಟನ್ ಒತ್ತಿದಳು.

ಕೆಳಗೆ ಆರನೇ ಸುರಂಗದಲ್ಲಿ ಎಲ್ಲರ ಟೋಪಿಯ ದೀಪಗಳೂ ಒಟ್ಟಿಗೆ ಮಿನುಗತೊಡಗಿದವು. ಲೋಡರಿನ ಸದ್ದಿನಲ್ಲಿ ಕೂಗಿದರೆ ಕೇಳಿಸುವುದಿಲ್ಲ, ಅದಕ್ಕಾಗಿಯೇ ದೀಪಕ್ಕೆ ಈ ವ್ಯವಸ್ಥೆ. ನಕ್ಷೆಯ ಮೇಲೆ ಹಸಿರು ಚುಕ್ಕೆಗಳು ಒಂದು ಕ್ಷಣ ನಿಂತವು. ಆಮೇಲೆ ಮತ್ತೆ ತಮ್ಮ ತಮ್ಮ ಕೆಲಸಕ್ಕೆ ಹೊರಟವು. ಬಾಗಿಲ ಕಡೆಗೆ ಒಂದೂ ಬರಲಿಲ್ಲ. ತುದಿಯಲ್ಲಿದ್ದ ಚುಕ್ಕೆ ಹಿಂದೆ ಮುಂದೆ ಹೋಗುತ್ತಲೇ ಇತ್ತು.

ಫೋನ್ ಹೊಡೆದುಕೊಂಡಿತು. ಮೇಸ್ತ್ರಿ.

“ಯಾರಮ್ಮ ಅದು ಕೆಂಪು ಒತ್ತಿದ್ದು? ಪೆಟ್ಟಿಗೆ ಕೂಗೇ ಇಲ್ಲ. ಇಲ್ಲಿ ಕೆಲಸ ಅರ್ಧಕ್ಕೆ ನಿಂತ್ರೆ ನೀವು ಬಂದು ತುಂಬ್ತೀರಾ?”

ಸಲಾಕೆ ಸೊಸೆಯ ಕೈಯಿಂದ ಫೋನ್ ಕಸಿದುಕೊಂಡರು. “ನಾನು ಕಣಯ್ಯ ಮೇಸ್ತ್ರಿ, ಸಲಾಕೆ. ಎಲ್ಲರನ್ನೂ ಹೊರಡಿಸು.”

“ನೀವಾ? ಈ ಬೊಬ್ಬೆಯೆಲ್ಲ ಸುಳ್ಳು ಅಂದಿದ್ದು ನೀವೇ ಅಲ್ವಾ? ಒಬ್ಬನನ್ನ ಪಕ್ಕದಲ್ಲಿ ನಿಲ್ಸಿ ಹಳದಿ ಒತ್ತಿಸಿದ್ದು ನೀವೇ ಅಲ್ವಾ?”

“ನಾನೇ. ಸುಳ್ಳು ಹೇಳಿದ್ದು ಅದಲ್ಲ, ನಾನು. ಬಂಡೆ ಒಳಗೆ ಬಿರೀತಿದೆ, ನನ್ನ ಕಿವಿಯಾರೆ ಕೇಳ್ದೆ. ಮೊದಲು ಲೋಡರ್ ನಿಲ್ಸು, ಅವನಿಗೆ ಏನೂ ಕೇಳ್ಸಲ್ಲ. ವಾದ ಮೇಲೆ ಬಂದು ಮಾಡು, ನಿಂತ್ಕೊಂಡು ಬೈಸ್ಕೊಳ್ತೀನಿ.”

ಆ ಕಡೆಯಿಂದ ಮೇಸ್ತ್ರಿ ಯಾರನ್ನೋ ಕೂಗುವುದು ಕೇಳಿಸಿತು. ಸಲಾಕೆ ಫೋನ್ ಹಿಡಿದುಕೊಂಡೇ ಪರದೆಯ ಹತ್ತಿರ ಹೋದರು. ಮೂಗು ತಾಗುವಷ್ಟು ಹತ್ತಿರ ನಿಂತು ಒಂದೇ ಚುಕ್ಕೆಯನ್ನು ನೋಡುತ್ತಿದ್ದರು. ಅದು ಹಿಂದೆ ಬಂತು. ಮುಂದೆ ಹೋಯಿತು. ಹಿಂದೆ ಬಂತು.

“ನಿಲ್ಲಿಸೋ,” ಎಂದರು, ಮಗನಿಗೆ ಕೇಳಿಸುತ್ತದೆ ಎನ್ನುವ ಹಾಗೆ. “ಬಾರೋ ಈಚೆ.”

ಚುಕ್ಕೆ ನಿಂತಿತು. ತುಸು ಹೊತ್ತು ಅಲ್ಲೇ ಇತ್ತು. ಆಮೇಲೆ ಉಳಿದ ಚುಕ್ಕೆಗಳ ಹಿಂದೆ, ಸುರಂಗದ ಉದ್ದಕ್ಕೂ, ಬಾಗಿಲ ಕಡೆಗೆ ಹರಿಯತೊಡಗಿತು. ಕೊನೆಯ ಚುಕ್ಕೆ ಸುರಂಗ ದಾಟುವವರೆಗೂ ಕೋಣೆಯಲ್ಲಿ ಯಾರೂ ಕೂರಲಿಲ್ಲ.

ಅವತ್ತು ಏನೂ ಬೀಳಲಿಲ್ಲ.

ಇದನ್ನು ಮುಚ್ಚಿಡಬೇಕಾಗಿಲ್ಲ. ಸುರಂಗಕ್ಕೆ ಅಡ್ಡ ಸರಪಳಿ ಕಟ್ಟಿದರು, ಪಾಳಿ ಹಾಳಾಯಿತು. ಮೇಸ್ತ್ರಿ ಎಲ್ಲರೆದುರಿಗೆ ಸಲಾಕೆಗೆ ಕೈ ಮುಗಿದು, “ದೊಡ್ಡವರು, ನಿಮ್ಮ ಕಿವಿಗೆ ವಯಸ್ಸಾಯ್ತು,” ಎಂದ. ಸಲಾಕೆ ಮಾತು ಕೊಟ್ಟ ಹಾಗೆ ನಿಂತು ಕೇಳಿಸಿಕೊಂಡರು. ಮನೆಗೆ ಬಂದ ಮಗನೂ ಬೂಟು ಬಿಸಾಡಿ, “ಅಪ್ಪ, ಎಲ್ಲರೂ ನನ್ನನ್ನೇ ಆಡ್ಕೊಂಡು ನಗ್ತಿದ್ರು. ಅಪ್ಪ ರಜೇಲಿದ್ದು ಊರಿಗೆಲ್ಲ ರಜೆ ಕೊಡಿಸಿದ್ರು ಅಂತ,” ಎಂದ.

“ನಗಲಿ ಬಿಡು,” ಎಂದರು ಅತ್ತೆ. “ನಗೋಕೆ ಎಲ್ಲರೂ ಮನೆಗೆ ಬಂದಿದ್ದಾರಲ್ಲ.”

ಮಾರನೇ ದಿನ ಸುರಂಗದ ಬಾಯಿಯ ಕಡೆ, ಕಂಬ ಕೊಟ್ಟು ಭದ್ರ ಮಾಡಿದ ಜಾಗದಿಂದ, ಚಾವಣಿಯ ಒಳಕ್ಕೆ ಓರೆಯಾಗಿ ಉದ್ದನೆಯ ತೂತು ಕೊರೆದರು. ಕಡ್ಡಿಯ ತುದಿಗೆ ಸಣ್ಣ ಕ್ಯಾಮೆರಾ ಕಟ್ಟಿ ಒಳಗೆ ತಳ್ಳಿದರು. ಮೇಸ್ತ್ರಿ, ಸಲಾಕೆ, ಮಗ, ಎಲ್ಲರೂ ಪರದೆಯ ಮುಂದೆ ನಿಂತಿದ್ದರು. ಮೊದಲು ಬರೀ ಕಲ್ಲು. ಇನ್ನಷ್ಟು ಕಲ್ಲು. ಸಲಾಕೆಯ ಏಟು ಮುಟ್ಟುವ ಆಳ ದಾಟಿ, ಒಬ್ಬ ಮನುಷ್ಯ ನಿಂತಷ್ಟು ಆಳಕ್ಕೆ ಹೋದಾಗ, ಕ್ಯಾಮೆರಾದ ಬೆಳಕು ಒಂದು ಕತ್ತಲೆಯ ಗೆರೆಯ ಮೇಲೆ ಬಿತ್ತು. ಹೆಬ್ಬೆರಳು ತೂರುವಷ್ಟು ಅಗಲದ ಬಿರುಕು. ಕ್ಯಾಮೆರಾ ತಿರುಗಿಸಿದ ಕಡೆಯೆಲ್ಲ ಅದು ಇತ್ತು. ಲೋಡರ್ ನಿಲ್ಲುತ್ತಿದ್ದ ಜಾಗದ ಮೇಲಿನ ಚಾವಣಿ ಮೇಲಿನ ಬಂಡೆಯನ್ನು ಬಿಟ್ಟು ಬೇರೆಯಾಗಿತ್ತು. ಕೆಳಗಿನಿಂದ ಬಡಿದರೆ ಅದು ಇನ್ನೂ ಟಣ್ ಎಂದೇ ಹೇಳುತ್ತಿತ್ತು, ಏಕೆಂದರೆ ಬೇರೆಯಾದ ಹಾಸು ಅಷ್ಟು ದಪ್ಪವಿತ್ತು.

ಮೇಸ್ತ್ರಿ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಮಗ ಪರದೆಯನ್ನು ನೋಡಿದ, ಅಪ್ಪನನ್ನು ನೋಡಿದ. “ನಾನು ಇದರ ಕೆಳಗೆ ಕೂತು ಊಟ ಮಾಡಿದ್ದೀನಿ,” ಎಂದ.

ಉದ್ದನೆಯ ಬೋಲ್ಟುಗಳನ್ನು ಹೊಡೆದು ಆ ಹಾಸನ್ನು ಮೇಲಿನ ಗಟ್ಟಿ ಬಂಡೆಗೆ ಬಿಗಿದರು. ಕಂಬಗಳನ್ನು ಕೊಟ್ಟರು. ಈ ನಡುವೆ ಸಲಾಕೆ ದಿನವೂ ಸ್ವಲ್ಪ ಹೊತ್ತು ಕಂಟ್ರೋಲ್ ರೂಮಿಗೆ ಹೋಗಿ ಕೂರುತ್ತಿದ್ದರು. ಹಳೆಯ ಸದ್ದುಗಳನ್ನೆಲ್ಲ ಮತ್ತೆ ಕೇಳಿದರು. ಗೊತ್ತಾದದ್ದನ್ನು ಗೊತ್ತಾಯಿತು ಎಂದರು. ಅನುಮಾನ ಬಂದದ್ದನ್ನು, “ಇದು ಗೊತ್ತಾಗಲ್ಲ” ಎಂದರು. ಆಗ ಸೊಸೆ ನಕ್ಷೆ ತೆಗೆದು ಆ ಹೊತ್ತಿನಲ್ಲಿ ಅವರು ಎಲ್ಲಿದ್ದರು ಎಂದು ನೋಡುತ್ತಿದ್ದಳು. ಇಬ್ಬರೂ ಸೇರಿ ಯಂತ್ರಕ್ಕೆ ಕಲಿಸಿದ್ದನ್ನು ಮರೆಸಿ, ಹೊಸದಾಗಿ ಕಲಿಸಿದರು.

“ಗೊತ್ತಾಗಲ್ಲ ಅಂತ ನಿಮ್ಮ ಬಾಯಲ್ಲಿ ಮೊದಲನೇ ಸಲ ಕೇಳ್ತಿರೋದು ಮಾವ,” ಎಂದಳು ಸೊಸೆ ಒಂದು ದಿನ.

“ಮನೇಲಿ ಹೇಳಬೇಡ. ನಿಮ್ಮ ಅತ್ತೆ ಅದನ್ನೇ ಹಿಡ್ಕೊಂಡು ಜೀವನ ಪೂರ್ತಿ ಆಡ್ತಾಳೆ.”

ಈಗ ಆರನೇ ಸುರಂಗದ ಪದ್ಧತಿಯೇ ಬದಲಾಗಿದೆ. ಸಲಾಕೆ ಇಂದಿಗೂ ಚಾವಣಿ ಬಡಿಯುತ್ತಾರೆ. ಮೇಲ್ಪದರದ ಸಡಿಲು ಕಲ್ಲು ಅವರ ಸಲಾಕೆಗೇ ಮೊದಲು ಗೊತ್ತಾಗುವುದು, ಅದು ಯಂತ್ರದಿಂದ ಆಗುವ ಕೆಲಸವಲ್ಲ. ಆದರೆ ಬಡಿಯುವ ಮೊದಲು ಸುರಂಗದ ಫೋನಿನಲ್ಲಿ, “ಬಡಿತ ಶುರು” ಎನ್ನುತ್ತಾರೆ. ಮುಗಿದ ಮೇಲೆ, “ಬಡಿತ ಮುಗೀತು” ಎನ್ನುತ್ತಾರೆ. ಆ ಎರಡು ಮಾತಿನ ಆಚೆ ಈಚೆ ಬಂದ ಸದ್ದು ಅವರದಲ್ಲ ಎಂದು ಯಂತ್ರಕ್ಕೆ ಗೊತ್ತು. ಪೆಟ್ಟಿಗೆ ಕೂಗಿದರೆ ಮೊದಲು ಹೊರಗೆ ಬರುತ್ತಾರೆ. ಇಬ್ಬರು ನೋಡಿ, ಇಬ್ಬರೂ ಒಪ್ಪಿದ ಮೇಲಷ್ಟೇ ಹಳದಿ. ಕೆಂಪು ಒತ್ತಿದವರನ್ನು ಬೈಯುವಂತಿಲ್ಲ ಎಂದು ಸಮಿತಿಯವರು ಬರೆಸಿಕೊಂಡಿದ್ದಾರೆ. ಮೇಸ್ತ್ರಿಯೇ ಮುಂದೆ ನಿಂತು ಬರೆಸಿದ.

ಕಳೆದ ತಿಂಗಳು ಪೆಟ್ಟಿಗೆ ಎರಡು ಸಲ ಕೂಗಿತು. ಒಂದು ಸಲ ನಿಜವಾಗಿತ್ತು, ಬೋಲ್ಟು ಹೊಡೆದರು. ಇನ್ನೊಂದು ಸಲ ಏನೂ ಇರಲಿಲ್ಲ. ಎಲ್ಲರೂ ಹೊರಗೆ ಬಂದು, ಕೂತು, ಚಹಾ ಕುಡಿದು ಒಳಗೆ ಹೋದರು. ಆ ಚಹಾಕ್ಕೆ ಯಾರ ಸಂಬಳವನ್ನೂ ಮುರಿಯಲಿಲ್ಲ.

ಗಣಿಯಲ್ಲಿ ದುಡಿಯುವ ಅಣ್ಣಂದಿರೇ, ಅಕ್ಕಂದಿರೇ, ಅವರ ಮನೆಯವರೇ, ನಿಮ್ಮ ಗಣಿಗೂ ಇಂಥ ಯಂತ್ರ ಬಂದಿರಬಹುದು, ಇಲ್ಲವೇ ಮುಂದೆ ಬರಬಹುದು. ಅದನ್ನು ದೇವರೆಂದು ನಂಬಬೇಡಿ, ಶತ್ರುವೆಂದೂ ತಿಳಿಯಬೇಡಿ. ಅದು ನಮ್ಮಿಂದ ಕಲಿಯುವ ಉಪಕರಣ. ನಾವು ಸೋಮಾರಿತನಕ್ಕೆ ಒತ್ತಿದ ಬಟನ್ನೂ ಅದಕ್ಕೆ ಪಾಠವೇ. ಕೂಗಿದರೆ ಮೊದಲು ಹೊರಗೆ ಬನ್ನಿ, ಆಮೇಲೆ ವಿಚಾರಿಸಿ. ದಿನಾ ಕೂಗುತ್ತಿದ್ದದ್ದು ಏಕಾಏಕಿ ಸುಮ್ಮನಾದರೆ ಖುಷಿಪಡಬೇಡಿ, ಏಕೆ ಎಂದು ಕಂಟ್ರೋಲ್ ರೂಮಿನವರನ್ನು ಕೇಳಿ. ಬಡಿಯುವ, ಕೊರೆಯುವ ಮುನ್ನ ಅವರಿಗೆ ತಿಳಿಸಿ. ನಿಮ್ಮ ಟ್ಯಾಗ್ ನಿಮ್ಮ ಟೋಪಿಯ ಮೇಲೆಯೇ ಇರಲಿ, ಗೆಳೆಯನ ಜೇಬಿನಲ್ಲಿ ಬೇಡ. ಆ ಟ್ಯಾಗಿನ ಮಾಹಿತಿಯನ್ನು ಯಾರು ನೋಡುತ್ತಾರೆ, ಯಾವುದಕ್ಕೆ ಬಳಸುತ್ತಾರೆ ಎಂದು ಕೇಳುವ ಹಕ್ಕು ನಿಮಗಿದೆ. ನಿಮ್ಮ ಸಮಿತಿಯ ಮೂಲಕ ಕೇಳಿ, ಬರಹದಲ್ಲಿ ಪಡೆಯಿರಿ. ಮನೆಯಲ್ಲಿರುವವರು ಇವತ್ತು ಸಂಜೆ ಊಟಕ್ಕೆ ಕೂತಾಗ ಒಂದು ಮಾತು ಕೇಳಿ: “ಇವತ್ತು ಯಾವ ಬಟನ್ ಒತ್ತಿದಿರಿ? ನೋಡಿ ಒತ್ತಿದಿರಾ?”

ಯಂತ್ರಕ್ಕೆ ನಾವು ಏನು ಹೇಳುತ್ತೇವೋ ಅದು ಅದನ್ನೇ ನಂಬುತ್ತದೆ. ನಿಮ್ಮ ಮಗ ಆ ಚಾವಣಿಯ ಕೆಳಗೆ ನಿಂತಿದ್ದಾನೆ ಎಂದುಕೊಂಡು ಹೇಳಿ. ಅಲ್ಲಿ ನಿಂತಿರುವವನು ಯಾರದೋ ಮಗನಂತೂ ಹೌದು.